ಗೋಡಂಬಿ ತೋಟಕ್ಕೆ ಹೊಡೆದ ಔಷಧಿ ಪಡ್ರೆಯ ಹಳ್ಳಕ್ಕೆ ಇಳಿದ ಕಥೆ

ನಮ್ಮ ದಾಬಸ್‌ಪೇಟೆ ಕಡೆ ಕೀಟನಾಶಕಕ್ಕೆ ವಿಷ ಅನ್ನುವವರು ಕಡಿಮೆ. 'ಔಷಧಿ ಹೊಡೆಯೋದು' ಅಂತಲೇ ಮಾತು. ಆ ಔಷಧಿ ಒಂದು ಊರಿಗೆ ಏನು ಮಾಡಿತು ಎಂದು ತಿಳಿಯಲು ಕಾಸರಗೋಡಿನ ಪಡ್ರೆಯ ಇತಿಹಾಸ ನೋಡಬೇಕು. ಎಣ್ಮಕಜೆ ಪಂಚಾಯಿತಿಗೆ ಸೇರಿದ ಗಡಿನಾಡ ಕನ್ನಡಿಗರ ಊರದು.

ಅಲ್ಲಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೋಡಂಬಿ ತೋಟಗಳಿವೆ. ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಹಳ್ಳ, ಕುಡಿಯುವ ನೀರಿಗಾಗಿ ಅಡ್ಡ ಕೊರೆದ ಸುರಂಗ. ಗಾಳಿಗೆ ತೇಲಿದ್ದು ಮನೆಗಳ ಮೇಲೆ ಬಿತ್ತು. ಎಂಡೋಸಲ್ಫಾನ್ ನೀರಿನಲ್ಲಿ ಸುಲಭವಾಗಿ ಕರಗದು, ಮಣ್ಣಿಗೆ ಅಂಟಿಕೊಳ್ಳುತ್ತದೆ. ಮಳೆಗೆ ಮಣ್ಣು ಕೊಚ್ಚಿ ಬಂದಾಗ ಅದೂ ಹಳ್ಳಕ್ಕೆ ಇಳಿಯುತ್ತದೆ. ಮಣ್ಣಿನಲ್ಲಿ ಅದು ಬದಲಾಗಿ ಆಗುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ; ಅದು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ.

ಮೊದಲ ಸುಳಿವು ಸಿಕ್ಕಿದ್ದು ದನದ ಕೊಟ್ಟಿಗೆಯಲ್ಲಿ. ಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು ಕಂಡ ಕೃಷಿ ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ಆದರೂ ಹೆಲಿಕಾಪ್ಟರ್ ಹಾರಾಟ ನಿಲ್ಲಲಿಲ್ಲ. ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಅವರಿಗೆ ಬುದ್ಧಿಮಾಂದ್ಯ, ಮೂರ್ಛೆರೋಗ, ಅಂಗವೈಕಲ್ಯ, ಕ್ಯಾನ್ಸರ್ ಒಂದೇ ಕಡೆ ಹೆಚ್ಚಾಗಿ ಕಾಣತೊಡಗಿದವು. ಅವರು ಮನೆಮನೆಯ ಲೆಕ್ಕ ಬರೆದಿಟ್ಟರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋಗಿ 1998ರಲ್ಲಿ ಸಿಂಪಡಣೆಗೆ ತಡೆ ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪರೀಕ್ಷೆ ಮಾಡಿದಾಗ ಪಡ್ರೆಯ ನೀರಿನಲ್ಲೂ ಜನರ ರಕ್ತದಲ್ಲೂ ಎಂಡೋಸಲ್ಫಾನ್ ಸಿಕ್ಕಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರ್ಕಾರಕ್ಕೆ ಆದೇಶಿಸಿತು.

ಇದು ಕೇರಳದ ಕಥೆ ಮಾತ್ರ ಅಲ್ಲ. ದಕ್ಷಿಣ ಕನ್ನಡದ ಕೊಕ್ಕಡ ಸುತ್ತ ನಮ್ಮದೇ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೂ ಇದನ್ನೇ ಹೊಡೆದರು. ಅಲ್ಲಿನ ಮನೆಗಳಲ್ಲೂ ಹಾಸಿಗೆ ಹಿಡಿದ ಮಕ್ಕಳನ್ನು ತಾಯಂದಿರು ಸಾಕುತ್ತಿದ್ದಾರೆ.

ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿ ಕೆರೆಯ ಕಡೆ ಹರಿಯುತ್ತದೆ. ನಮ್ಮ ಹೊಲಕ್ಕೆ ಸುರಿದದ್ದಕ್ಕೂ ಅದೇ ಇಳಿಜಾರು. ಹಾಗಾಗಿ ಔಷಧಿ ಕ್ಯಾನನ್ನು ಕೆರೆ, ಬಾವಿ ಹತ್ತಿರ ತೊಳೆಯಬೇಡಿ. ಯಾವ ಔಷಧಿ, ಯಾವ ದಿನ, ಎಷ್ಟು ಹೊಡೆದಿರಿ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಕರು ಊನವಾಗಿ ಹುಟ್ಟಿದರೆ ಪಶುವೈದ್ಯರಿಗೆ ಆ ಪುಸ್ತಕ ತೋರಿಸಿ. ಪಡ್ರೆಯ ಮಾತಿಗೆ ಬೆಲೆ ಬಂದದ್ದು ಹಾಗೆ ಯಾರೋ ಲೆಕ್ಕ ಇಟ್ಟಿದ್ದರಿಂದ.