ಮ್ಯಾಥ್ಯೂ ಪಾರ್ಕರನ ಗ್ರಂಥಭಂಡಾರ

ಎಂಟನೆಯ ಹೆನ್ರಿ ಪೋಪನ ಅಧಿಕಾರವನ್ನು ಧಿಕ್ಕರಿಸಿ 1534ರಲ್ಲಿ ತಾನೇ ಇಂಗ್ಲೆಂಡಿನ ಚರ್ಚಿಗೆ ಅಧಿಪತಿಯಾದ. 1540ರ ಹೊತ್ತಿಗೆ ಆ ನಾಡಿನ ಕ್ರೈಸ್ತ ಮಠಗಳೆಲ್ಲ ಮುಚ್ಚಿದ್ದವು. ಹೊಲಗದ್ದೆ, ಬೆಳ್ಳಿಬಂಗಾರ ಅರಸನ ಪಾಲಾದವು; ಚಾವಣಿಯ ಸೀಸವನ್ನೂ ಕರಗಿಸಿದರು. ಮಠದ ಗ್ರಂಥಗಳನ್ನು ಮಾತ್ರ ಕೇಳುವವರಿರಲಿಲ್ಲ. ಚರ್ಚಿನ ಸುಧಾರಣೆಯ ಕಟ್ಟಾ ಪಕ್ಷಪಾತಿ ಜಾನ್ ಬೇಲ್ ಕೂಡ 1549ರಲ್ಲಿ ಇದಕ್ಕೆ ಮರುಗಿ ಬರೆದ. ಹಾಳೆ ಹರಿದು ದೀಪಸ್ತಂಭ ತಿಕ್ಕಿದರಂತೆ, ಬೂಟು ಒರೆಸಿದರಂತೆ, ಉಳಿದದ್ದನ್ನು ದಿನಸಿ ಅಂಗಡಿಗೂ ಸಾಬೂನು ಮಾರುವವರಿಗೂ ಕೊಟ್ಟರಂತೆ.

1559ರ ಡಿಸೆಂಬರ್ 17ರಂದು ಮ್ಯಾಥ್ಯೂ ಪಾರ್ಕರ್ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿ ದೀಕ್ಷೆ ಪಡೆದ. ರಾಣಿ ಎಲಿಜಬೆತ್ ಆರಿಸಿದ ಈ ಮಿತಭಾಷಿ ವಿದ್ವಾಂಸನ ಮುಂದೆ ದೊಡ್ಡ ಸವಾಲಿತ್ತು. ನಿಮ್ಮ ಚರ್ಚು ನಿನ್ನೆ ಮೊನ್ನೆ ಹುಟ್ಟಿದ್ದು ಎಂದು ರೋಮಿನ ಪಕ್ಷದವರು ಹಂಗಿಸುತ್ತಿದ್ದರು. ಉತ್ತರ ಹಳೆಯ ಹಸ್ತಪ್ರತಿಗಳಲ್ಲೇ ಇದೆಯೆಂದು ಪಾರ್ಕರ್ ನಂಬಿದ. ಪ್ರಾಚೀನ ಬರಹ ಯಾರಲ್ಲಿದ್ದರೂ ಆತನ ಕಡೆಯವರಿಗೆ ತೋರಿಸಬೇಕೆಂದು 1568ರಲ್ಲಿ ರಾಣಿಯ ಮಂತ್ರಾಲೋಚನಾ ಸಭೆಯೂ ಪತ್ರ ಹೊರಡಿಸಿತು.

ಲಂಡನ್ನಿನ ಲ್ಯಾಂಬೆತ್ ಅರಮನೆ ಗ್ರಂಥಾಲಯವೂ ಕಾರ್ಯಾಗಾರವೂ ಆಯಿತು. ಕಾರ್ಯದರ್ಶಿ ಜಾನ್ ಜೋಸ್ಲಿನ್ ಆಗ ಕೆಲವರಷ್ಟೇ ಓದಬಲ್ಲವರಾಗಿದ್ದ ಹಳೆಯ ಇಂಗ್ಲಿಷನ್ನು ಕಷ್ಟಪಟ್ಟು ಕಲಿತು ಪದಕೋಶ ಕಟ್ಟಿದ. ಮುದ್ರಕ ಜಾನ್ ಡೇ ಆ ಲಿಪಿಗೆಂದೇ ಅಚ್ಚುಮೊಳೆ ಮಾಡಿಸಿದ. ಸಾವಿರದ ಇಸವಿಯ ಆಸುಪಾಸಿನಲ್ಲಿದ್ದ ಆಲ್ಫ್ರಿಕ್ ಎಂಬ ಸಂನ್ಯಾಸಿಯ ಈಸ್ಟರ್ ಪ್ರವಚನ ಆ ಅಚ್ಚಿನಲ್ಲಿ ಹೊರಬಂತು. ಪ್ರಭುಭೋಜನದ ರೊಟ್ಟಿ ದ್ರಾಕ್ಷಾರಸಗಳು ಕ್ರಿಸ್ತನ ದೇಹ ರಕ್ತಗಳಾಗಿಯೇ ಮಾರ್ಪಡುತ್ತವೆಂದು ರೋಮ್ ಹೇಳುವುದನ್ನು ನಮ್ಮ ಪೂರ್ವಿಕರು ಒಪ್ಪಿರಲಿಲ್ಲ ಎಂಬುದಕ್ಕೆ ಪಾರ್ಕರ್ ಹಿಡಿದ ಸಾಕ್ಷಿ ಅದು.

ವಾದ ಗೆಲ್ಲಲು ಹೊರಟವನ ಕೈ ಗ್ರಂಥಗಳ ಮೇಲೂ ಬಿತ್ತು. ಪುಟಸಂಖ್ಯೆ ಹಾಕಿ, ಬೇಕಾದ ಸಾಲುಗಳಿಗೆ ಕೆಂಪು ಬಳಪದ ಗೆರೆ ಎಳೆದರು. ಒಂದು ಪ್ರತಿಯ ಹಾಳೆ ಕಿತ್ತು ಇನ್ನೊಂದಕ್ಕೆ ಸೇರಿಸಿದರು; ಕಳೆದುಹೋದ ಭಾಗವನ್ನು ಹಳೆಯ ಕೈಬರಹದ ಹೋಲಿಕೆಯಲ್ಲೇ ಹೊಸದಾಗಿ ಬರೆಸಿದರು. ಇಂದಿನ ಸಂಶೋಧಕರಿಗೆ ಇದು ಅಪಚಾರ, ನನಗೂ ಹಾಗೆಯೇ. ಆದರೆ ಆಂಗ್ಲಿಕನ್ ಚರ್ಚಿನ ಚರಿತ್ರೆ ಬರೆಯುವ ಪರಂಪರೆ ಮೂಲಪತ್ರಗಳನ್ನು ನೆಚ್ಚಿ ನಡೆಯಲು ಕಲಿತದ್ದು ಲ್ಯಾಂಬೆತ್ತಿನ ಈ ಮನೆಯಲ್ಲಿ. ಆರನೆಯ ಶತಮಾನದಲ್ಲಿ ಇಟಲಿಯಲ್ಲಿ ಬರೆದ ಕ್ಯಾಂಟರ್ಬರಿಯ ಸಂತ ಅಗಸ್ಟೀನನ ಹೆಸರು ಹೊತ್ತ ಸುವಾರ್ತಾಗ್ರಂಥವೂ, ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದ ಅತಿ ಹಳೆಯ ಪ್ರತಿಯೂ ನಮಗೆ ದಕ್ಕಿದ್ದು ಅವನ ಸಂಗ್ರಹದಿಂದ.

ಪಾರ್ಕರ್ 1575ರ ಮೇ 17ರಂದು ತೀರಿಕೊಂಡ. ಗ್ರಂಥಗಳನ್ನು ತಾನು ಓದಿದ ಕೇಂಬ್ರಿಡ್ಜಿನ ಕಾರ್ಪಸ್ ಕ್ರಿಸ್ಟಿ ಕಾಲೇಜಿಗೆ ಬಿಟ್ಟುಹೋದ, ಕಟ್ಟುನಿಟ್ಟಾದ ಷರತ್ತಿನ ಮೇಲೆ. ನೆರೆಯ ಕಾಲೇಜಿನವರು ವರ್ಷವರ್ಷ ಬಂದು ಎಣಿಸಬೇಕು. ಗೊತ್ತುಪಡಿಸಿದ ಸಂಖ್ಯೆಗಿಂತ ಹೆಚ್ಚು ಕಾಣೆಯಾದರೆ ಸಂಗ್ರಹವೆಲ್ಲ ಗಾನ್ವಿಲ್ ಆ್ಯಂಡ್ ಕೀಸ್ ಕಾಲೇಜಿನ ಪಾಲು. ಕಾರ್ಪಸ್ ಕ್ರಿಸ್ಟಿಯವರು ಅದನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ.