ಎರಡು ಇಟಗಿ, ಎರಡು ಬಂಡಾಯ

ನನ್ನ ಹೆಂಡತಿಯ ತಮ್ಮ ಹೋದ ವರ್ಷ ಮುಂಬಯಿಯಿಂದ ಗೋವೆ, ಕೊಚ್ಚಿಗಳವರೆಗೆ ಹಡಗಿನಲ್ಲಿ ವಿಹಾರ ಹೋಗಿ ಬಂದ. ಬರುವಾಗ ನಮಗೆಂದು ಗೋಡಂಬಿಯನ್ನೂ, ನನಗೊಬ್ಬನಿಗೆಂದು ಹಡಗಿನವರು ಕೊಟ್ಟ ಬಣ್ಣದ ಪುಸ್ತಿಕೆಯನ್ನೂ ತಂದ. "ಮಾವಾರ, ನಿಮ್ಮ ಕೆಂಪು ಪೆನ್ಸಿಲ್ಲಿಗೆ ಮೇವು ತಂದೇನ್ರಿ" ಎಂದು ನಕ್ಕ. ಗೋವೆಯಲ್ಲಿ ಇಳಿದು ಒಳನಾಡನ್ನು ನೋಡಬಯಸುವವರಿಗಾಗಿ ಅದರಲ್ಲಿ ಎರಡು ಪುಟಗಳಿದ್ದವು. ಅಲ್ಲಿ ಬಾದಾಮಿಯು ವಿಜಯನಗರದ ರಾಜಧಾನಿಯಾಗಿತ್ತು. ಪಟ್ಟದಕಲ್ಲಿನ ಹೆಸರಿನ ಕೆಳಗೆ ಇಟಗಿಯ ಮಹಾದೇವ ದೇವಾಲಯದ ಚಿತ್ರವಿತ್ತು. ನಾನು ಲೊಚಗುಟ್ಟುವುದನ್ನು ಕೇಳಿ ನನ್ನ ಹೆಂಡತಿ ಒಳಗಿನಿಂದಲೇ, "ನೀರಾಗ ಇರಾವ್ರಿಗೆ ನೆಲದ ಸುದ್ದಿ ಏನ ಗೊತ್ತಿರ್ತದ, ಬಿಡ್ರಿ" ಎಂದಳು.

ಬಿಡಬಹುದಾಗಿತ್ತು. ಆದರೆ ನೆಲದ ಮೇಲೆಯೇ, ಅದೂ ನಮ್ಮ ರೋಣ, ನರಗುಂದ, ಗಜೇಂದ್ರಗಡಗಳ ಕಪ್ಪು ನೆಲದ ಮೇಲೆಯೇ ನಿಂತು ಬರೆದವರ ಪಾಡು ಇದಕ್ಕಿಂತ ಹೆಚ್ಚು ಭಿನ್ನವಾಗಿಲ್ಲವೆಂಬುದು ಅದೇ ತಿಂಗಳು ನನಗೆ ಅರಿವಾಯಿತು. ಈ ಮೂರು ಊರುಗಳ ಸುತ್ತಲಿನ ಪ್ರೇಕ್ಷಣೀಯ ಸ್ಥಳಗಳನ್ನು ಪರಿಚಯಿಸುವ ಒಂದು ಕಿರುಹೊತ್ತಗೆ ಕೈಗೆ ಬಂತು. ಪ್ರಕಟಿಸಿದವರ ಹೆಸರು ಬೇಡ. ಅವರ ಉದ್ದೇಶ ಒಳ್ಳೆಯದು, ಕಾಗದವೂ ಒಳ್ಳೆಯದು. ಪುಟಗಳು ಎಂಟು, ನಾನು ಗುರುತು ಹಾಕಿದ ತಪ್ಪುಗಳು ಹನ್ನೊಂದು. ಇಪ್ಪತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ತಪ್ಪನ್ನು ಕಾಣದೆ ಓದುವ ಭಾಗ್ಯವಿಲ್ಲ.

ಮೊದಲು ಹೆಸರುಗಳ ಮಾತು. ರೋಣವು 'ರಾನ್' ಆಗಿತ್ತು, ಸೂಡಿ 'ಸುದಿ' ಆಗಿತ್ತು, ಗಜೇಂದ್ರಗಡದ ಬೆಟ್ಟದ ಕಾಲಕಾಲೇಶ್ವರನು 'ಕಲಕಲೇಶ್ವರ'ನಾಗಿ ಕಲಕಿಹೋಗಿದ್ದ. ಯಾರೋ ಇಂಗ್ಲಿಷಿನಲ್ಲಿ ಬರೆದುದನ್ನು ಇನ್ನಾರೋ ಊರು ನೋಡದೆ ಕನ್ನಡಕ್ಕೆ ಇಳಿಸಿದ್ದರು. ನಮ್ಮ ಹೆಸರುಗಳು ಪರಲಿಪಿಯ ಮನೆಗೆ ಹೋಗಿ ಬರುವಷ್ಟರಲ್ಲಿ ದೀರ್ಘವನ್ನೂ ಮಹಾಪ್ರಾಣವನ್ನೂ ಅಲ್ಲಿಯೇ ಮರೆತು ಬರುತ್ತವೆ. ಇವು ಕಣ್ಣಿಗೆ ಕಾಣುವ ತಪ್ಪುಗಳು. ಇವುಗಳಿಂದ ಅಪಾಯ ಕಡಿಮೆ. ನಿಜವಾದ ಅಪಾಯವಿರುವುದು ಅಕ್ಷರ ಸರಿಯಾಗಿದ್ದು ಊರು ತಪ್ಪಿದಾಗ.

ಇಟಗಿಯನ್ನೇ ತೆಗೆದುಕೊಳ್ಳಿ. ಹಳೆಯ ರೋಣ ತಾಲ್ಲೂಕಿನಲ್ಲಿ ಒಂದು ಇಟಗಿಯಿದೆ. ಅದು ಭೀಮವ್ವನ ಇಟಗಿ. ಶಿವಭಕ್ತೆ ಭೀಮಾಂಬಿಕೆಯ ಹೆಸರಿನಲ್ಲಿ ಈ ಸೀಮೆಯ ಜನ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಕೊಪ್ಪಳ ಜಿಲ್ಲೆಯಲ್ಲಿ, ಕುಕನೂರಿನ ಹತ್ತಿರ ಇನ್ನೊಂದು ಇಟಗಿಯಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ, 'ದೇವಾಲಯ ಚಕ್ರವರ್ತಿ' ಎಂದು ಶಾಸನವೇ ಹೊಗಳಿದ ಗುಡಿ ಅಲ್ಲಿಯದು. ನಮ್ಮ ಹೊತ್ತಗೆಯಲ್ಲಿ ಆ ಗುಡಿಯ ಚಿತ್ರವನ್ನು ಹಾಕಿ, ಈ ಊರಿನ ದಾರಿಯನ್ನು ಕೊಟ್ಟಿದ್ದರು. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದ ಒಂದು ಕುಟುಂಬವು ಭೀಮವ್ವನ ಗುಡಿಯ ಮುಂದೆ ಆ ಹಾಳೆಯನ್ನು ಹಿಡಿದು, ಶಿಖರವನ್ನು ಹುಡುಕುತ್ತ ನಿಂತುದನ್ನು ನಾನೇ ಕಂಡೆ. ಊರವರು ಅವರನ್ನು ಊಟಕ್ಕೆ ಕೂರಿಸಿದರು. ಹಿರಿಯರೊಬ್ಬರು, "ಚಕ್ರವರ್ತಿ ಅಲ್ಲಿ ಅದಾನ್ರಿ, ಇಲ್ಲಿ ನಮ್ಮವ್ವ ಅದಾಳ. ಬಂದೀರಿ, ಉಂಡು ಹೋಗ್ರಿ" ಎಂದರು. ಸಂಜೆಯಾಗಿತ್ತು, ಆ ಕುಟುಂಬಕ್ಕೆ ಅಂದು ಚಕ್ರವರ್ತಿಯ ದರ್ಶನವಾಗಲಿಲ್ಲ.

ಈ ಗೊಂದಲ ಹಿಂದೆ ಇರಲಿಲ್ಲವೆಂಬುದನ್ನು ಗಮನಿಸಬೇಕು. ಒಂದು ಇಟಗಿ ಮುಂಬಯಿ ಪ್ರಾಂತದ್ದು, ಇನ್ನೊಂದು ನಿಜಾಮರ ಸೀಮೆಯದು. ನಡುವೆ ಗಡಿಯೇ ಇತ್ತು. 1956ರ ನವೆಂಬರಿನಲ್ಲಿ ಕನ್ನಡ ನಾಡು ಒಂದಾದಾಗ ಅಗಲಿದ ಅಣ್ಣತಮ್ಮಂದಿರ ಜೊತೆಗೆ ಒಂದೇ ಹೆಸರಿನ ಊರುಗಳೂ ಒಂದೇ ಮನೆಯೊಳಗೆ ಬಂದವು. ನರೇಗಲ್ಲಿನ ಪಾಡೂ ಹೀಗೆಯೇ, ಆದರೆ ಅಲ್ಲಿ ಗಡಿಯ ನೆಪವೂ ಇಲ್ಲ. ಗಂಗರ ಬೂತುಗನ ರಾಣಿ ಪದ್ಮಬ್ಬರಸಿಯು ಕ್ರಿ.ಶ. 950ರಲ್ಲಿ ಕಟ್ಟಿಸಿದ ಬಸದಿಯಿರುವುದು ನಮ್ಮ ನರೇಗಲ್ಲಿನಲ್ಲಿ. ಸರ್ವೇಶ್ವರ ದೇವಾಲಯವಿರುವುದು ಹಾನಗಲ್ಲ ತಾಲ್ಲೂಕಿನ ನರೇಗಲ್ಲಿನಲ್ಲಿ. ಎರಡೂ ಹಿಂದೆ ಧಾರವಾಡ ಜಿಲ್ಲೆಯವೇ. 1997ರಲ್ಲಿ ಒಂದು ಗದಗಿಗೆ, ಒಂದು ಹಾವೇರಿಗೆ ಹಂಚಿಹೋದವು. ಹೊತ್ತಗೆಯವರು ಪದ್ಮಬ್ಬರಸಿಯನ್ನು ಬಿಟ್ಟು ಸರ್ವೇಶ್ವರನನ್ನು ತಂದು ಇಲ್ಲಿ ಪ್ರತಿಷ್ಠಾಪಿಸಿದ್ದರು.

ಇನ್ನು ಕಾಲದ ಲೆಕ್ಕ. ಇಟಗಿಯ ಗುಡಿ ಚಾಲುಕ್ಯ ವಿಕ್ರಮವರ್ಷ 37ರದು. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದಾಗ ಶಕವರ್ಷವನ್ನು ಬದಿಗಿರಿಸಿ ತನ್ನ ಹೆಸರಿನದೇ ವರ್ಷವನ್ನು ನಡೆಸಿದನು. ಅದರ ಮೂವತ್ತೇಳನೆಯ ವರ್ಷವೆಂದರೆ ಕ್ರಿ.ಶ. 1112. ಉತ್ತರದೇಶದ ವಿಕ್ರಮ ಸಂವತ್ಸರವು ಕ್ರಿಸ್ತನಿಗಿಂತ ಐವತ್ತೇಳು ವರ್ಷ ಹಿಂದಿನದು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಲೇಖಕ ಮಹಾಶಯರು ಐವತ್ತೇಳರಲ್ಲಿ ಮೂವತ್ತೇಳನ್ನು ಕಳೆದು, ಗುಡಿಯು 'ಕ್ರಿಸ್ತಪೂರ್ವ 20ರಲ್ಲಿ' ಕಟ್ಟಿದ್ದೆಂದು ಬರೆದುಬಿಟ್ಟಿದ್ದರು. ಕಳೆಯುವ ಲೆಕ್ಕ ಸರಿಯಾಗಿದೆ. ಕಳೆದುಹೋದದ್ದು ಸಾವಿರದ ನೂರ ಮೂವತ್ತು ವರ್ಷ!

ಅದೇ ಪುಟದಲ್ಲಿ 'ನರಗುಂದದ ಕವಿ ನಯಸೇನ' ಎಂದೂ ಇತ್ತು. ಧರ್ಮಾಮೃತದ ನಯಸೇನನು ಗದಗ ತಾಲ್ಲೂಕಿನ ಮುಳಗುಂದದವನು. ಇಲ್ಲಿ ನನ್ನ ಕೋಪ ಸ್ವಲ್ಪ ಇಳಿಯಿತೆಂದು ಒಪ್ಪಿಕೊಳ್ಳಬೇಕು; ಏಕೆಂದರೆ ನಯಸೇನನ ಕಾಲವೇ ಒಂದು ಹಳೆಯ ತೊಡಕು. ಅವನು ತನ್ನ ಗ್ರಂಥದ ವರ್ಷವನ್ನು ಪದಸಂಕೇತದಲ್ಲಿ ಹೇಳಿದ್ದಾನೆ. ವಾಡಿಕೆಯಂತೆ ಬಿಡಿಸಿದರೆ ಶಕ 1037 ಬರುತ್ತದೆ. ಆದರೆ ಅವನೇ ಹೇಳುವ ನಂದನ ಸಂವತ್ಸರ ಬೀಳುವುದು ಶಕ 1034ಕ್ಕೆ, ಎಂದರೆ 1112ಕ್ಕೆ. ಸಂಕೇತ ಜಾರಬಹುದು, ಸಂವತ್ಸರದ ಹೆಸರು ಜಾರಲಾರದೆಂದು ವಿದ್ವಾಂಸರು 1112ನ್ನೇ ಹಿಡಿದಿದ್ದಾರೆ. ಇಟಗಿಯಲ್ಲಿ ದಂಡನಾಯಕನು ಗುಡಿಯನ್ನು ಮೆರೆಸಿದ ನಂದನ ಸಂವತ್ಸರದಲ್ಲಿಯೇ ಮುಳಗುಂದದಲ್ಲಿ ಕವಿಯೊಬ್ಬನು, ಎಣ್ಣೆಯನ್ನೂ ತುಪ್ಪವನ್ನೂ ಬೆರೆಸಿದಂತೆ ಕನ್ನಡದಲ್ಲಿ ಸಂಸ್ಕೃತವನ್ನು ತುರುಕಬೇಡಿರೆಂದು ವಾದಿಸುತ್ತಿದ್ದನು. ಇಂತಹ ಸೊಗಸಾದ ಹೊಂದಿಕೆ ಕೈಯಲ್ಲಿದ್ದೂ ಹೊತ್ತಗೆಯವರು ಒಬ್ಬನನ್ನು ಕ್ರಿಸ್ತನ ಹಿಂದಕ್ಕೆ ಅಟ್ಟಿ, ಇನ್ನೊಬ್ಬನನ್ನು ನರಗುಂದಕ್ಕೆ ವರ್ಗ ಮಾಡಿದರಲ್ಲ ಎಂದು ಮರುಕವಾಯಿತು.

ಸೂಡಿಯ ಪುಟವನ್ನು ಬೇಗ ಮುಗಿಸುತ್ತೇನೆ. ಜೋಡುಕಳಸದ ಗುಡಿ, ನಾಗಕುಂಡಗಳಿರುವ ಈ ಊರು ಕಿಸುಕಾಡು ಎಪ್ಪತ್ತರ ಮುಖ್ಯಸ್ಥಳ. ಅದನ್ನು ಆಳಿದವಳು ಇಮ್ಮಡಿ ಜಯಸಿಂಹನ ಅಕ್ಕ, ಅಕ್ಕಾದೇವಿ; 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಹೆಂಗಸು. ಹೊತ್ತಗೆಯಲ್ಲಿ ಅವಳು 'ಶರಣೆ ಅಕ್ಕಮಹಾದೇವಿ'ಯಾಗಿ, ಸೂಡಿಯು ಅವಳ 'ತಪೋಭೂಮಿ'ಯಾಗಿತ್ತು. ಒಬ್ಬಳು ಸಿಂಹಾಸನದ ಮಗ್ಗುಲಲ್ಲಿ ಕುಳಿತು ನಾಡನ್ನಾಳಿದವಳು, ಇನ್ನೊಬ್ಬಳು ಅರಮನೆಯನ್ನೇ ಧಿಕ್ಕರಿಸಿ ನಡೆದವಳು. ನಡುವೆ ಸುಮಾರು ನೂರು ವರ್ಷ. ಸೂಡಿಗೆ ಸುಳ್ಳು ಹೊಸದಲ್ಲ ಎನ್ನುವುದೂ ನಿಜ: ಅಲ್ಲಿ ದೊರೆತ, ಬೂತುಗನ ಹೆಸರಿನಲ್ಲಿ ಶಕ 860ರ ಕಾಲ ಹೇಳುವ ತಾಮ್ರಪಟವನ್ನು ಫ್ಲೀಟ್ ಸಾಹೇಬರು ಪರೀಕ್ಷಿಸಿ ಕೂಟಶಾಸನವೆಂದು ಸಾರಿದರು. ಆದರೆ ತಾಮ್ರದ ಮೇಲೆ ಸುಳ್ಳು ಕೊರೆದವನಿಗೆ ಹೊಲದ ಆಸೆಯಾದರೂ ಇದ್ದಿರಬೇಕು. ಈಗಿನವರಿಗೆ ಇರುವುದು ಅವಸರ ಮಾತ್ರ.

ಗಜೇಂದ್ರಗಡದ ಬಗೆಗೆ ಒಂದೇ ಮಾತು. 1787ರ ಗಜೇಂದ್ರಗಡದ ಒಪ್ಪಂದವು ಟೀಪುವಿಗೂ ಇಂಗ್ಲಿಷರಿಗೂ ಆದದ್ದೆಂದು ಅಚ್ಚಾಗಿತ್ತು. ಆದದ್ದು ಟೀಪುವಿಗೂ ಮರಾಠರಿಗೂ. 1785ರಲ್ಲಿ ಟೀಪುವಿನ ಸೈನ್ಯ ನರಗುಂದವನ್ನು ಮುತ್ತಿದ್ದು ಆ ಯುದ್ಧದ ಮೂಲಗಳಲ್ಲೊಂದು. ಒಪ್ಪಂದದಂತೆ ಬಾದಾಮಿ, ಕಿತ್ತೂರುಗಳೊಡನೆ ನರಗುಂದವೂ ಮರಾಠರ ಕಡೆಗೆ ಹೋಯಿತು. ಇಂಗ್ಲಿಷರನ್ನು ಇಲ್ಲಿ ತಂದರೆ ಈ ಎರಡು ಊರುಗಳ ನಡುವಿನ ಕೊಂಡಿಯೇ ಕಳಚುತ್ತದೆ.

ನನ್ನನ್ನು ನಿಜವಾಗಿ ನೋಯಿಸಿದ್ದು ನರಗುಂದದ ಪುಟ. ಬಾಬಾಸಾಹೇಬ ಭಾಸ್ಕರರಾವ್ ಭಾವೆಯು '1857ರಲ್ಲಿ ದಂಗೆಯೆದ್ದು, ಮ್ಯಾನ್ಸನ್ ಸಾಹೇಬನನ್ನು ನರಗುಂದದ ಕೋಟೆಯಲ್ಲಿ ಕೊಂದನು' ಎಂದಿತ್ತು. ಒಂದು ವರ್ಷದ ವ್ಯತ್ಯಾಸ ತಾನೆ ಎನ್ನುವಿರಾ? ಆ ಒಂದು ವರ್ಷದಲ್ಲಿಯೇ ಅವನ ಕಥೆಯೆಲ್ಲ ಇದೆ. ಅವನು ಕತ್ತಿ ಹಿರಿದದ್ದು 1858ರ ಮೇ ಕೊನೆಗೆ. ಅಷ್ಟರಲ್ಲಿ ದಿಲ್ಲಿ ಬಿದ್ದು ಎಂಟು ತಿಂಗಳಾಗಿತ್ತು, ಲಖನೌ ಬಿದ್ದಿತ್ತು, ಝಾನ್ಸಿ ಬಿದ್ದಿತ್ತು. ಗೆಲ್ಲುವ ಪಕ್ಷವನ್ನು ಸೇರಿದವನಲ್ಲ. ಸೋತ ಯುದ್ಧಕ್ಕೆ ಒಬ್ಬನೇ ಹೊರಟವನು. ಮಗನಿಲ್ಲದ ಅವನಿಗೆ ದತ್ತಕಕ್ಕೆ ಅಪ್ಪಣೆ ಸಿಗಲಿಲ್ಲ, ಆಯುಧಗಳನ್ನು ಒಪ್ಪಿಸೆಂದರು. ಮನೆಯಲ್ಲಿ ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹವಿದ್ದ, ಓದುಬರಹದ ದೊರೆ. ಮೇ 29ರ ರಾತ್ರಿ ಸುರೇಬಾನದಲ್ಲಿ, ಎಂದರೆ ಇಂದಿನ ರಾಮದುರ್ಗ ತಾಲ್ಲೂಕಿನಲ್ಲಿ, ತಂಗಿದ್ದ ಮ್ಯಾನ್ಸನ್ನನನ್ನು ಅವನ ಕಡೆಯವರು ಕೊಂದರು. ರುಂಡವನ್ನು ನರಗುಂದಕ್ಕೆ ತಂದು ಬಾಗಿಲಿಗೆ ಕಟ್ಟಿದರು. ಮುಂಡರಗಿಯ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಜೂನ್ 1ರಂದು ಮಡಿದನು. ಮರುದಿನದ ಹೊತ್ತಿಗೆ ನರಗುಂದದ ಕೋಟೆ ಇಂಗ್ಲಿಷರ ಕೈಸೇರಿತು. ತಲೆತಪ್ಪಿಸಿಕೊಂಡಿದ್ದ ಬಾಬಾಸಾಹೇಬನು ಸಿಕ್ಕಿಬಿದ್ದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಹದಿನೈದು ದಿನಗಳಲ್ಲಿ ಒಂದು ಸಂಸ್ಥಾನ ಮುಗಿಯಿತು.

ಹೊತ್ತಗೆಯಲ್ಲಿ ಮುಂದಿನ ವಾಕ್ಯ ಇನ್ನೂ ವಿಚಿತ್ರ: 'ಈ ನರಗುಂದ ಬಂಡಾಯದಲ್ಲಿ ರೈತರು ನೀರಿನ ಕರವನ್ನು ವಿರೋಧಿಸಿದರು.' ಬರೆದವರು ಎರಡು ಕಡೆಯಿಂದ ಎತ್ತಿ ಒಂದೇ ಗೋಣಿಗೆ ತುಂಬಿದ್ದರು. ಮಲಪ್ರಭೆಯ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ಹೊರೆಗೆ ಸಿಡಿದೆದ್ದು, ಗೋಲೀಬಾರಿಗೆ ಪ್ರಾಣ ತೆತ್ತದ್ದು 1980ರ ಜುಲೈ 21ರಂದು. ನೂರ ಇಪ್ಪತ್ತೆರಡು ವರ್ಷಗಳ ಅಂತರ! ನರಗುಂದದ ಚಹದಂಗಡಿಯೊಂದರಲ್ಲಿ ಕುಳಿತು, "ಬಂಡಾಯ ಆಗಿದ್ದ ಜಾಗ ಯಾವುದ್ರಿ, ಅಜ್ಜಾರ?" ಎಂದು ಒಮ್ಮೆ ಕೇಳಿದ್ದೆ. ಅವರು ಬಟ್ಟಲನ್ನು ಕೆಳಗಿಟ್ಟು, "ಯಾವ ಬಂಡಾಯ ಕೇಳ್ತೀರಿ ಸರ, ರಾಜಾರದೋ, ನಮ್ದೋ?" ಎಂದರು. ಅಜ್ಜನಿಗೆ ಇದ್ದ ಎಚ್ಚರ ಅಚ್ಚುಹಾಕಿದವರಿಗೆ ಇರಲಿಲ್ಲ.

ಹನ್ನೊಂದು ಗುರುತುಗಳ ಆ ಪ್ರತಿಯನ್ನು ಪ್ರಕಾಶಕರಿಗೆ ಕಳಿಸಬೇಕೆಂದು ಒಂದು ಖಾರವಾದ ಪತ್ರವನ್ನೂ ಬರೆದೆ. ಅದಿನ್ನೂ ಮೇಜಿನ ಮೇಲಿರುವಾಗಲೇ ಕಾಲೇಜಿನ ಕಿರುಪರೀಕ್ಷೆಯ ಉತ್ತರಗಳು ಬಂದವು. ಬಾಬಾಸಾಹೇಬನ ಮೇಲೆ ಪ್ರಬಂಧ ಕೇಳಿದ್ದೆ. ನರಗುಂದದ ಕಡೆಯ ಒಬ್ಬ ಹುಡುಗಿ, '1858ರ ಮೇ 29ರ ರಾತ್ರಿ ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು' ಎಂದು ಬರೆದಿದ್ದಳು. ಕೆಂಪು ಗೆರೆ ಎಳೆದೆ, ಎರಡು ಅಂಕ ಕಳೆದೆ, 'ಊರಿನವಳಾಗಿ ಇಷ್ಟೂ ತಿಳಿಯದೆ?' ಎಂದು ಬದಿಯಲ್ಲಿ ಬರೆದೆ. ಮರುದಿನ ಅವಳು ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಂತು, "ಸರ, ಇದರಾಗ ಹಿಂಗ ಐತ್ರಿ" ಎಂದು ಒಂದು ಪುಸ್ತಕ ಚಾಚಿದಳು. ಕಾಲೇಜಿನದೇ ಸ್ಮರಣಸಂಚಿಕೆ. ಲೇಖನ ನನ್ನದು.

ಹಸ್ತಪ್ರತಿಯನ್ನು ತೆಗೆದು ನೋಡಿದೆ. ನಾನು ಬರೆದದ್ದು ಸರಿಯಾಗಿಯೇ ಇತ್ತು. ಮೇ 29ಕ್ಕೂ ಜೂನ್ 12ಕ್ಕೂ ನಡುವಿನ ಒಂದು ಸಾಲು ಬೆರಳಚ್ಚಿನವನ ಕಣ್ಣಿಗೆ ಜಾರಿತ್ತು. ಓಲೆಗರಿಯ ಲಿಪಿಕಾರರು ಮಾಡುತ್ತಿದ್ದ ತಪ್ಪೇ ಇದು. ಗ್ರಂಥಸಂಪಾದನೆಯ ಪಾಠದಲ್ಲಿ ಪ್ರತಿವರ್ಷ ಹೇಳುತ್ತೇನೆ. ಮುದ್ರಕನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಕರಡಿನ ಕೊನೆಯಲ್ಲಿ 'ನೋಡಿದೆ, ಅಚ್ಚುಹಾಕಬಹುದು' ಎಂಬ ಒಕ್ಕಣೆಯ ಕೆಳಗೆ ನನ್ನದೇ ರುಜುವಿತ್ತು. ಮಗಳ ಮದುವೆಯ ಓಡಾಟದಲ್ಲಿ ಓದದೆ ರುಜು ಹಾಕಿದ್ದೆ. ಆ ಹೊತ್ತಗೆಯವರ ಮನೆಯಲ್ಲಿಯೂ ಆ ವಾರ ಯಾವ ಮದುವೆಯಿತ್ತೋ!

ಜರ್ಮನಿಯ ಬೆಡೆಕರ್ ಎಂಬವರ ಪ್ರವಾಸ ಕೈಪಿಡಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಪ್ರವಾಸಿಗಳಿಗೆಲ್ಲ ಕೈದೀಪವಾಗಿದ್ದವು. ಅವುಗಳ ಮುನ್ನುಡಿಯಲ್ಲಿ, ತಪ್ಪು ಕಂಡವರು ದಯವಿಟ್ಟು ಬರೆದು ತಿಳಿಸಬೇಕೆಂಬ ಬಿನ್ನಹವಿರುತ್ತಿತ್ತು. ಪ್ರಕಾಶಕರಿಗೆ ಬರೆದಿದ್ದ ಖಾರದ ಪತ್ರವನ್ನು ಹರಿದು, ತಿದ್ದುಪಡಿಗಳನ್ನು ಮಾತ್ರ ಸಾಲಾಗಿ ಬರೆದು ಕಳಿಸಿದೆ. ಹುಡುಗಿಯ ಎರಡು ಅಂಕವನ್ನು ಮರಳಿ ಕೊಟ್ಟು, ಬದಿಯ ಮಾತನ್ನು ಹೊಡೆದುಹಾಕಿದೆ. ಆಮೇಲೆ ನನ್ನ ಖರ್ಚಿನಿಂದ ಮುನ್ನೂರು ತಿದ್ದೋಲೆಗಳನ್ನು ಅಚ್ಚುಹಾಕಿಸಿ, ಉಳಿದ ಪ್ರತಿಗಳಿಗೆ ಅಂಟಿಸಲು ಆ ಹುಡುಗಿಯನ್ನೂ ಅವಳ ಇಬ್ಬರು ಗೆಳತಿಯರನ್ನೂ ಕರೆದೆ.

ಗ್ರಂಥಾಲಯದ ಒಂದು ಪ್ರತಿಗೆ ಅಂಟಿಸುವ ಅಗತ್ಯ ಬೀಳಲಿಲ್ಲ. ಯಾರೋ ಮೊದಲೇ ಮೇ 29ನ್ನು ಪೆನ್ಸಿಲ್ಲಿನಿಂದ ಹೊಡೆದು, ಅಂಚಿನಲ್ಲಿ ದುಂಡಾದ ಅಕ್ಷರಗಳಲ್ಲಿ 'ಜೂನ್ 12' ಎಂದು ಬರೆದಿಟ್ಟಿದ್ದರು. ಆ ಕೈಬರಹ ಯಾರದೆಂದು ನಾನು ಕೇಳಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.