ಮೊದಲು ಡಿಸ್ಕ್, ಆಮೇಲೆ ಸರ್ವರ್

ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ 1978ರಲ್ಲಿ ಬೆಂಗಳೂರಿನ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ನಾನು ಅಲ್ಲಿನ ಸರ್ವರ್ ರೂಮಿಗೆ ಬಂದಾಗ ಕರೆಂಟು ಹೋಗುವುದು ಮಾಮೂಲಾಗಿತ್ತು. ಯುಪಿಎಸ್ ಸುಸ್ತಾಗಿ ಜನರೇಟರ್ ಹತ್ತದಿದ್ದರೆ ಎಲ್ಲವನ್ನೂ ಹೊಸದಾಗಿ ಎಬ್ಬಿಸಬೇಕು. ಹಿರಿಯರು ಹೇಳಿಕೊಟ್ಟ ಕ್ರಮ ಇಷ್ಟೇ: ಮೊದಲು ಎಸಿ ಮತ್ತು ಸ್ವಿಚ್, ನಂತರ ಡಿಸ್ಕ್ ಪೆಟ್ಟಿಗೆಗಳು, ಅವೆಲ್ಲ ತಿರುಗಿ ಪೂರ್ತಿ ವೇಗಕ್ಕೆ ಬಂದ ಮೇಲೆ ಅವನ್ನು ನಡೆಸುವ ಕಂಟ್ರೋಲರ್, ಕೊನೆಗೆ ಸರ್ವರ್. ನಿಲ್ಲಿಸುವಾಗ ಇದೇ ತಲೆಕೆಳಗು. ಈ ಕ್ರಮವನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿರುತ್ತಿದ್ದರು. ಸ್ಟೋರೇಜಿನಲ್ಲೇ ಇಟ್ಟ ಫೈಲನ್ನು ಆ ಹೊತ್ತಿನಲ್ಲಿ ತೆರೆಯುವವರು ಯಾರು?

ಆಮೇಲೆ ಹಲವು ಯಂತ್ರಗಳ ಡಿಸ್ಕ್‌ಗಳನ್ನು ಒಂದೇ ಸ್ಟೋರೇಜ್ ಆಗಿಸುವ ಕ್ಲಸ್ಟರ್ ಬಂತು. ಆನಂದ್ ಬಾಬು ಪೆರಿಯಸಾಮಿಯವರು ಹುಟ್ಟುಹಾಕಿದ, ಇಂಥ ಸ್ಟೋರೇಜ್ ತಂತ್ರಾಂಶದ ಕಂಪನಿ ಗ್ಲಸ್ಟರ್ ಬೆಳೆದದ್ದರಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲು ದೊಡ್ಡದು. 2011ರಲ್ಲಿ ರೆಡ್ ಹ್ಯಾಟ್ ಅದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. ನನಗೆ ಇಂದಿಗೂ ಬೆಂಗಳೂರಿನ ಆ ಪಾಲಿನ ಬಗ್ಗೆ ಹೆಮ್ಮೆ.

ಇಂಥ ಕ್ಲಸ್ಟರಿನಲ್ಲಿ ಒಂದೇ ದತ್ತಾಂಶದ ಮೂರು ಪ್ರತಿ ಮೂರು ಯಂತ್ರಗಳಲ್ಲಿ ಇರುವಾಗ ಬಹುಮತ ಮುಖ್ಯ. ಕನಿಷ್ಠ ಎರಡು ಯಂತ್ರಗಳಾದರೂ ಪರಸ್ಪರ ಕಾಣಬೇಕು. ಇಲ್ಲದಿದ್ದರೆ ಬರೆಯಲು ಬಿಡಬಾರದು. ಬಿಟ್ಟರೆ ಒಂದೇ ಫೈಲಿಗೆ ಎರಡು ನಿಜ ಹುಟ್ಟಿಕೊಳ್ಳುತ್ತವೆ. ರೀಬೂಟ್ ಒಂದೊಂದಕ್ಕೇ. ಎದ್ದ ಯಂತ್ರ ಲಾಗಿನ್ ಕೊಟ್ಟಿತೆಂದು ಮುಂದಿನದಕ್ಕೆ ಕೈ ಹಾಕಬಾರದು. ಎದ್ದ ಯಂತ್ರ ತಾನು ಮಲಗಿದ್ದಾಗ ಬದಲಾದ ಫೈಲುಗಳನ್ನು ಉಳಿದೆರಡರಿಂದ ತುಂಬಿಕೊಳ್ಳಬೇಕು. ಹೀಗೆ ತುಂಬಿಕೊಳ್ಳಬೇಕಾದ ಫೈಲುಗಳ ‘ಹೀಲ್’ ಪಟ್ಟಿ ಸೊನ್ನೆಗೆ ಇಳಿಯಲು ಕೆಲವೊಮ್ಮೆ ಇಡೀ ರಾತ್ರಿ ಬೇಕು. ಬೆಳಿಗ್ಗೆ ಮ್ಯಾನೇಜರ್ ಎಷ್ಟೇ ಅವಸರಿಸಲಿ, ಆ ಸೊನ್ನೆ ಕಾಣುವವರೆಗೆ ಎರಡನೆಯ ಯಂತ್ರವನ್ನು ನಾನು ಮುಟ್ಟುವುದಿಲ್ಲ.